ನರಕದ ಮೇಲೆ ಒಣಗಿದ ಸಂಡಿಗೆ

ನಮ್ಮ ಮನೆಯಲ್ಲಿ ನರಕವನ್ನು ಟ್ರಂಕಿನಲ್ಲಿ ಇಟ್ಟಿದ್ದೇವೆ. ರಜಾಯಿಗಳ ಕೆಳಗೆ, ನುಸಿಗುಳಿಗೆಯ ವಾಸನೆಯಲ್ಲಿ, ಸುರುಳಿ ಸುತ್ತಿ, ಹಳೆಯ ಲಂಗದ ಲಾಡಿಯಿಂದ ಬಿಗಿದು. ನಿಮ್ಮ ಮನೆಯಲ್ಲಿ ಈ ಸೌಕರ್ಯ ಇರಲಿಕ್ಕಿಲ್ಲ. ಬೇಕೆಂದರೆ ನೀವು ಸಾಯುವವರೆಗೆ ಕಾಯಬೇಕು. ಈ ಬೇಸಿಗೆಯಲ್ಲಿ ರಜಾಯಿಗಳನ್ನು ಬಿಸಿಲಿಗೆ ಹಾಕೋಣವೆಂದು ನಾನು ಟ್ರಂಕು ತೆರೆದು ಎಳೆದ ರಭಸಕ್ಕೆ ಅದು ಉರುಳಿ ಬಂದು ನನ್ನ ಕಾಲಬೆರಳ ಮೇಲೆ ಬಿತ್ತು. ನರಕದಲ್ಲಿ ಬಹಳ ನೋವಿರುತ್ತದೆ ಎಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೆ. ಅನುಭವಕ್ಕೆ ಬಂದದ್ದು ಈಗಲೇ.

ಅದೊಂದು ಚಿತ್ರಪಟ. ನನ್ನ ಅಪ್ಪ ಉಪದೇಶಿಯಾಗಿದ್ದ. ನಮ್ಮ ಕ್ಯಾಥೊಲಿಕರಲ್ಲಿ ಉಪದೇಶಿ ಎಂದರೆ, ಫಾದರ್ ಯಾವಾಗಲೋ ಒಮ್ಮೆ ಬರುವ ಹಳ್ಳಿಗಳಿಗೆ ಉಳಿದ ದಿನಗಳಲ್ಲೆಲ್ಲ ತಾನೇ ಹೋಗಿ ಜಪ ಕಲಿಸಿ, ಹುಡುಗರನ್ನು ಗದರಿಸಿ, ಸತ್ತವರನ್ನು ಮಣ್ಣು ಮಾಡಿಸಿ ಬರುವವನು. ಆಗ ನಾವು ತೆಲಂಗಾಣದ ಗಡಿಯ ನಾರಾಯಣಖೇಡದಲ್ಲಿದ್ದೆವು, ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ತೆಲುಗು. ಅಪ್ಪ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು, ಸೈಕಲ್ಲಿನ ಕ್ಯಾರಿಯರಿಗೆ ಎರಡು ಸುರುಳಿ ಬಿಗಿದು ಮನೂರಿನ ಕಡೆಯ ಹಳ್ಳಿಗಳಿಗೆ ಹೊರಡುತ್ತಿದ್ದ. ಒಂದು ಸುರುಳಿ ಸ್ವರ್ಗ, ಇನ್ನೊಂದು ನರಕ. ದಪ್ಪ ಕಾಗದವನ್ನು ಬಟ್ಟೆಗೆ ಅಂಟಿಸಿ, ಮೇಲೆ ವಾರ್ನಿಷ್ ಬಳಿದು, ಎರಡು ತುದಿಗೆ ಕೋಲು ಹಾಕಿದ್ದರು. ಸ್ವರ್ಗವನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಯಿತು. ನರಕಕ್ಕೆ ವಾರ್ನಿಷ್ ಜಾಸ್ತಿ ಬಿದ್ದಿತ್ತೆಂದು ಕಾಣುತ್ತದೆ, ಅದು ಬಾಳಿಕೆ ಬಂತು.

ನರಕದ ವಿವರ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಪಟದ ತುಂಬ ಕೆಂಪು ಉರಿ. ಮೂಲೆಯಲ್ಲಿ ಕೋಡಿನ ಸೈತಾನ, ಕೈಯಲ್ಲಿ ಹುಲ್ಲು ಎತ್ತುವಂಥ ಮುಳ್ಳುಗೋಲು. ಉರಿಯ ನಡುವೆ ಕಿರೀಟ ಹಾಕಿದ ಒಬ್ಬ ರಾಜ, ಕನ್ನಡಿ ಹಿಡಿದ ಒಬ್ಬ ಹೆಂಗಸು, ಶೀಷೆ ಹಿಡಿದ ಒಬ್ಬ ಕುಡುಕ, ಹಣದ ಚೀಲ ತಬ್ಬಿಕೊಂಡ ಒಬ್ಬ ಸಾವುಕಾರ, ಮತ್ತೆ ಹೆಸರಿಲ್ಲದ ಜನಸಂದಣಿ. ಎಲ್ಲರೂ ಬೆಳ್ಳಗಿದ್ದರು. ನಮ್ಮ ಕಡೆಯ ಮೈಬಣ್ಣದವರು ಒಬ್ಬರೂ ಇರಲಿಲ್ಲವಾದ್ದರಿಂದ ಚಿಕ್ಕಂದಿನಲ್ಲಿ ನನಗೆ ಇದು ಬೇರೆ ಯಾರದೋ ಊರಿನ ಸಮಸ್ಯೆ ಎನಿಸುತ್ತಿತ್ತು. ಸ್ವರ್ಗದ ಪಟದಲ್ಲೂ ನಮ್ಮವರು ಇರಲಿಲ್ಲ ಎನ್ನುವುದು ನಿಧಾನವಾಗಿ ಹೊಳೆಯಿತು.

ಈಗ ನಾನು ತಾಂಡೂರಿನಲ್ಲಿದ್ದೇನೆ. ಹೆಸರು ಫಿಲೋಮಿನಾ, ಕೆಲಸ ರೈಲು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವುದು. ಅಮ್ಮ ತೀರಿಕೊಂಡ ಮೇಲೆ ಅಪ್ಪ ತನ್ನ ಜಪಸರ, ತನ್ನ ನರಕ ಎರಡನ್ನೂ ತೆಗೆದುಕೊಂಡು ನನ್ನ ಹತ್ತಿರ ಬಂದ. ನರಕವನ್ನು ನಂಬುತ್ತೀಯಾ ಎಂದು ನೀವು ಕೇಳಿದರೆ, ಇಲ್ಲ ಎನ್ನುತ್ತೇನೆ. ಓದಿದವಳು ನಾನು. ಇಷ್ಟು ಒಳ್ಳೆಯ ದೇವರು ಅಷ್ಟು ದೊಡ್ಡ ಒಲೆ ಹಚ್ಚಿಕೊಂಡು ಕೂಡುವುದಿಲ್ಲ ಎಂದು ಯಾರ ಎದುರಿಗಾದರೂ ವಾದ ಮಾಡಬಲ್ಲೆ. ಆದರೆ ನನ್ನ ಇಬ್ಬರು ಮಕ್ಕಳಿಗೂ ಹೊಕ್ಕುಳು ಒಣಗುವ ಮೊದಲೇ ನರಕ ತಪ್ಪಿಸುವ ಜ್ಞಾನಸ್ನಾನ ಮಾಡಿಸಿಬಿಟ್ಟೆ. ಯಾಕೆ ಅಷ್ಟು ಅವಸರ ಎಂದು ಯಜಮಾನರು ಕೇಳಿದ್ದಕ್ಕೆ, ಫಾದರ್ ಮುಂದೆ ಊರಿನಲ್ಲಿ ಇರುವುದಿಲ್ಲ ಎಂದು ಹೇಳಿದೆ. ಫಾದರ್ ಊರಿನಲ್ಲೇ ಇದ್ದರು.

ಇನ್ನೊಂದು ವಿಷಯ. ಕೌಂಟರಿನಲ್ಲಿ ಕೂತಾಗ ನನ್ನ ನಂಬಿಕೆ ಚೆನ್ನಾಗಿ ಚಿಗುರುತ್ತದೆ. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಒಬ್ಬ ದಪ್ಪ ಮೀಸೆಯವನು ಆಗಾಗ ವಾಡಿ ಕಡೆ ಹೋಗುತ್ತಾನೆ. ಸಾಲಿನಲ್ಲಿ ನಿಲ್ಲುವ ಪದ್ಧತಿ ಅವನ ಮನೆತನದಲ್ಲಿ ಇಲ್ಲ. ಮಗು ಎತ್ತಿಕೊಂಡ ಹೆಂಗಸಿನ ಭುಜದ ಮೇಲಿಂದ ಕೈ ತೂರಿಸಿ, "ಏಯ್ ಅಮ್ಮಾ, ಜಲ್ದಿ ಒಂದ್ ವಾಡಿ," ಎನ್ನುತ್ತಾನೆ. ಆ ಕ್ಷಣ ನನಗೆ ನರಕದ ಬಗ್ಗೆ ಯಾವ ಸಂಶಯವೂ ಉಳಿಯುವುದಿಲ್ಲ. ಅವನಿಗೆ ಚಿತ್ರಪಟದಲ್ಲಿ ಜಾಗ ಕೂಡ ನೋಡಿಟ್ಟಿದ್ದೇನೆ, ಸಾವುಕಾರನ ಎಡಗಡೆ, ಉರಿ ಜೋರಾಗಿರುವಲ್ಲಿ. ಅವನು ಟಿಕೆಟ್ ತೆಗೆದುಕೊಂಡು ಹೋದ ಮೇಲೆ ಮತ್ತೆ ಓದಿದವಳಾಗುತ್ತೇನೆ.

ನರಕದ ಬೆಂಕಿ ನಮ್ಮ ಕಡೆಯ ಜನರನ್ನು ಹೆದರಿಸಲಿಲ್ಲ ಎನ್ನುವುದನ್ನೂ ಹೇಳಬೇಕು. ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಜಹೀರಾಬಾದಿನಿಂದ ಹಿರಿಯ ಫಾದರ್ ಒಬ್ಬರು ಬಂದು ತೆಲುಗಿನಲ್ಲಿ ನರಕದ ಪ್ರಸಂಗ ಕೊಡುತ್ತಿದ್ದರು. ಹೊರಗೆ ಬಿಸಿಲಿಗೆ ನೆಲ ಬಿರಿದಿರುತ್ತಿತ್ತು, ಒಳಗೆ ತಗಡಿನ ಮಾಡು. ಆರದ ಬೆಂಕಿ, ಆರದ ಬೆಂಕಿ ಎಂದು ಅವರು ಬೆವರು ಒರೆಸಿಕೊಳ್ಳುತ್ತ ಕೂಗುವಾಗ ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಇಲ್ಲಿ ತಾಂಡೂರಿನಲ್ಲಿ ಮೇ ತಿಂಗಳು ಹಾಸುಗಲ್ಲಿನ ಗಣಿಗೆ ಇಳಿಯುವವನಿಗೆ ಬೆಂಕಿಯ ವರ್ಣನೆ ಮಾಡಿ ಏನು ಉಪಯೋಗ? ನರಕ ಬಹಳ ತಣ್ಣಗಿರುತ್ತದೆ ಎಂದಿದ್ದರೆ ಅವನು ಗಾಬರಿಯಾದರೂ ಆಗುತ್ತಿದ್ದ. ಆ ತಂಪಿಗಾಗಿ ಪಕ್ಕಾ ಪಾಪ ಮಾಡಿ ಹೋಗಿಬಿಡೋಣ ಎಂದುಕೊಳ್ಳುವ ಅಪಾಯವೂ ಇತ್ತು.

ಈ ಎಲ್ಲದರ ನಡುವೆ ನಮ್ಮ ಮನೆಯಲ್ಲಿ ಅಜ್ಜಿ ಇದ್ದಳು. ಅಪ್ಪನ ತಾಯಿ, ನಿಂಗಮ್ಮ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಅಪ್ಪ ಜಹೀರಾಬಾದಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿ, ಹದಿಹರೆಯದಲ್ಲೇ ಕ್ರೈಸ್ತನಾಗಿ ಮನೆಗೆ ಬಂದಾಗ ಬಂಧುಬಳಗವೆಲ್ಲ ಬಾಯಿ ಬಡಿದುಕೊಂಡಿತಂತೆ. ಅಜ್ಜಿ ಮಾತ್ರ, "ಆತು ಬಿಡು. ಉಣ್ಣಾಕರ ಮನಿಗಿ ಬರ್ತಿ ಇಲ್ಲೋ?" ಎಂದು ಕೇಳಿದಳಂತೆ. ಅಪ್ಪ ಉಣ್ಣಲು ಬಂದ. ಮುಂದೆ ಅವಳೇ ಅಪ್ಪನ ಮನೆಗೆ ಬಂದು ಇದ್ದುಬಿಟ್ಟಳು. ಬೆಳಿಗ್ಗೆ ಒಂದು ಮೂಲೆಯಲ್ಲಿ ಅವಳು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂಡುತ್ತಿದ್ದಳು, ಇನ್ನೊಂದು ಮೂಲೆಯಲ್ಲಿ ನಾವು ಮೊಣಕಾಲೂರಿ ತೆಲುಗಿನಲ್ಲಿ ಜಪಸರ ಹೇಳುತ್ತಿದ್ದೆವು. ಮೊದಲು ಮುಗಿದವರು ಚಹಾಕ್ಕೆ ಇಡಬೇಕು. ಯಾವಾಗಲೂ ಅವಳದೇ ಮೊದಲು ಮುಗಿಯುತ್ತಿತ್ತು. ನನ್ನನ್ನು ಅವಳು ಫಿಲೋಮಿನಾ ಎಂದು ಒಮ್ಮೆಯೂ ಕರೆಯಲಿಲ್ಲ, ನೀಲಮ್ಮ ಎನ್ನುತ್ತಿದ್ದಳು.

"ಅಜ್ಜೀ, ನಿಮ್ಮಾಗ ನರಕ ಇಲ್ಲೇನು?" ಎಂದು ಒಮ್ಮೆ ಕೇಳಿದ್ದೆ.

"ನಮಗ್ಯಾಕ ಬೇಕವ್ವ ಅದು? ಸತ್ತ್ ಮ್ಯಾಲ ಲಿಂಗದಾಗ ಕೂಡ್ತೀವಿ. ಮುಗೀತು." ಸ್ವಲ್ಪ ಯೋಚಿಸಿ ಕೇಳಿದಳು, "ನಿಮಗಷ್ಟೇ ಯಾಕ ಇಷ್ಟು ತ್ರಾಸ್ ಇಟ್ಟಾನ ನಿಮ್ಮ ದೇವ್ರು?"

ಅವಳಿಗೆ ಅಪ್ಪನ ಪಟಗಳ ಬಗ್ಗೆ ಇದ್ದ ಆಸಕ್ತಿ ಬೇರೆ. ಒಂದು ಬೇಸಿಗೆಯಲ್ಲಿ ಜೋಳದ ಸಂಡಿಗೆಗೆ ಹಿಟ್ಟು ಕುದಿಸಿಟ್ಟಿದ್ದಳು. ಹಾಸುವ ಹಳೆಯ ಸೀರೆ ಪೂರ್ತಿ ಹರಿದಿತ್ತು. ಅಪ್ಪ ಸೈಕಲ್ ಪಂಕ್ಚರ್ ಆಗಿ ಅಂಗಡಿಗೆ ಹೋಗಿದ್ದ. ಅಜ್ಜಿ ಎರಡೂ ಸುರುಳಿ ಬಿಚ್ಚಿ ನೋಡಿ, ಸ್ವರ್ಗವನ್ನು ಸುತ್ತಿ ಒಳಗಿಟ್ಟು, ನರಕವನ್ನು ಅಂಗಳದಲ್ಲಿ ಹಾಸಿ, ಚಮಚದಿಂದ ಸಂಡಿಗೆ ಬಿಡುತ್ತ ಹೋದಳು. ಸೈತಾನನ ಕೋಡಿನ ಮೇಲೊಂದು, ರಾಜನ ಕಿರೀಟದ ಮೇಲೊಂದು. ಜೀವಮಾನದಲ್ಲಿ ನಾನು ಕಂಡ ನರಕಗಳಲ್ಲಿ ಇಷ್ಟು ಶಿಸ್ತಿನದು ಇನ್ನೊಂದಿಲ್ಲ.

ಆ ದಿನವೇ ಹಿರಿಯ ಫಾದರ್ ಬಂದರು. ಅಂಗಳದಲ್ಲಿ ಅವರು, ಅವರ ಹಿಂದೆ ಸೈಕಲ್ ಹಿಡಿದ ಅಪ್ಪ, ಮುಂದೆ ಬಿಸಿಲಿನಲ್ಲಿ ಒಣಗುತ್ತಿದ್ದ ನರಕ. ಅಪ್ಪ ಸೈಕಲ್ಲನ್ನು ಗೋಡೆಗೆ ಆನಿಸಿ, "ಅವ್ವಾ, ಏನ್ ಮಾಡಿದಿ ನೀ?" ಎಂದ.

"ಬಿಸಿಲು ಚಲೋ ಹಿಡಿತದ ಇದು," ಎಂದಳು ಅಜ್ಜಿ. "ಆ ಇನ್ನೊಂದು ಪಟದಾಗ ನಿಮ್ಮ ದೇವ್ರು ಕೂತಾನ. ದೇವ್ರ ಮ್ಯಾಲ ಹಿಟ್ಟ್ ಚೆಲ್ಲಾಕ ಬರ್ತದೇನು? ಇದ್ರಾಗ ಯಾರವ್ರೆ, ಕಳ್ಳರು, ಕುಡುಕರು." ಆಮೇಲೆ ಫಾದರ್ ಕಡೆ ತಿರುಗಿ, ತಮ್ಮ ಜಂಗಮರನ್ನು ಕರೆಯುವ ಹಾಗೆಯೇ, "ಅಯ್ನೋರ, ಕೂಡ್ರಿ. ಮುಂಜಾನಿ ಹಾಕಿದ್ದು ಒಣಗ್ಯಾವ, ಕರ್ದು ಕೊಡ್ತೀನಿ," ಎಂದಳು.

ಫಾದರ್ ಕೂತರು. ಕರಿದದ್ದು ಒಂದು ತಟ್ಟೆ ಖಾಲಿಯಾಯಿತು, ಇನ್ನೊಂದು ತಟ್ಟೆ ಕೇಳಿದರು. ಸಂಡಿಗೆ ಎಬ್ಬಿಸುವಾಗ ಒಂದಕ್ಕೆ ವಾರ್ನಿಷ್ ಸಮೇತ ಕುಡುಕ ಅಂಟಿಕೊಂಡು ಬಂದಿದ್ದನ್ನು ನಾನು ನೋಡಿದ್ದೆ, ಹೇಳಲು ಧೈರ್ಯವಾಗಲಿಲ್ಲ. ಪಟದಲ್ಲಿ ಅವನಿದ್ದ ಕಡೆ ಬಿಳಿ ಬಟ್ಟೆ ಕಾಣತೊಡಗಿತು. ಮುಂದೆ ಹಳ್ಳಿಯ ಮಕ್ಕಳು, "ಇಲ್ಲಿ ಇದ್ದಾಂವ ಎಲ್ಲಿ ಹೋಗ್ಯಾನ್ರಿ?" ಎಂದು ಕೇಳಿದಾಗಲೆಲ್ಲ ಅಪ್ಪ ಮಾತು ಬದಲಿಸುತ್ತಿದ್ದ. ಅಜ್ಜಿ ನನ್ನ ಕಿವಿಯಲ್ಲಿ, "ಅಯ್ನೋರ ಹೊಟ್ಟ್ಯಾಗ," ಎನ್ನುತ್ತಿದ್ದಳು. ಫಾದರ್ ಮಾತ್ರ ಮುಂದಿನ ತಪಸ್ಸುಕಾಲದಲ್ಲಿ ಅದೇ ಪ್ರಸಂಗವನ್ನು ಒಂದು ಕಿಡಿಯೂ ಕಡಿಮೆ ಮಾಡದೆ ಕೊಟ್ಟರು.

ನಗುತ್ತಿದ್ದೀರಿ, ನಾನೂ ನಗುತ್ತಲೇ ಬೆಳೆದೆ. ನಗು ನಿಂತದ್ದು ಅಜ್ಜಿ ಹಾಸಿಗೆ ಹಿಡಿದಾಗ. ನಮ್ಮಲ್ಲಿ ಒಂದು ಅನುಕೂಲವಿದೆ. ಸಾವು ಹತ್ತಿರವಿದ್ದರೆ ಫಾದರಿಗಾಗಿ ಕಾಯಬೇಕಿಲ್ಲ. ಯಾರಾದರೂ ತಲೆಗೆ ನೀರು ಹೊಯ್ದು ನಾಲ್ಕು ಮಾತು ಹೇಳಿದರೆ ಜ್ಞಾನಸ್ನಾನ ಆದಂತೆಯೇ, ನರಕ ತಪ್ಪಿದಂತೆಯೇ. ಹಾಗೆಂದು ಅಪ್ಪ ಊರೂರು ಹೇಳಿಕೊಂಡು ಬಂದಿದ್ದ. ಆ ಮಧ್ಯಾಹ್ನ ಅವನು ಒಂದು ಲೋಟ ನೀರು ಹಿಡಿದು ತಾಯಿಯ ತಲೆಯ ಹತ್ತಿರ ನಿಂತ. ನಾನು ಕಾಲಿನ ಕಡೆ ಕೂತಿದ್ದೆ. ಬಹಳ ಹೊತ್ತು ನಿಂತ. ಅಜ್ಜಿ ಕಣ್ಣು ತೆರೆದಳು.

"ಕುಡಸಾಕ ತಂದಿಯೋ, ತಲಿಗಿ ಹಾಕಾಕ ತಂದಿಯೋ?"

ಅಪ್ಪ ಲೋಟವನ್ನು ಅವಳ ಬಾಯಿಯ ಹತ್ತಿರ ತಂದ. "ಕುಡಸಾಕ ಅವ್ವಾ," ಎಂದ. ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದ. ಅವಳು ಅವನ ಕೆನ್ನೆ ಮುಟ್ಟಿ ಮಲಗಿದಳು. ಮರುದಿನ ಅವಳವರು ಬಂದು, ತಮ್ಮ ಪದ್ಧತಿಯಂತೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಭಂಗಿಯಲ್ಲೇ ಮಣ್ಣು ಮಾಡಿದರು. ಅಪ್ಪ ದೂರದಲ್ಲಿ ನಿಂತಿದ್ದ. ಅವನ ತುಟಿ ಅಲುಗುತ್ತಿರಲಿಲ್ಲ, ಎಲ್ಲರ ಸಾವಿಗೂ ಜಪ ಹೇಳುವವನು ತನ್ನ ತಾಯಿಯ ಸಾವಿಗೆ ಹೇಳಲಿಲ್ಲ.

ಅದರ ಕಾರಣ ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಲೆಕ್ಕದಲ್ಲಿ ಸತ್ತವರಿಗೆ ಮೂರು ಜಾಗ. ಸ್ವರ್ಗ, ನರಕ, ನಡುವೆ ಪಾಪ ತೊಳೆದುಕೊಳ್ಳುವ ಶುದ್ಧೀಕರಣದ ಜಾಗ. ಈ ನಡುವಿನದು ನಮ್ಮ ವಾಡಿ ಜಂಕ್ಷನ್ ಇದ್ದ ಹಾಗೆ, ಯಾರೂ ಅಲ್ಲಿಗೆಂದು ಹೊರಟಿರುವುದಿಲ್ಲ, ಆದರೆ ಗಾಡಿ ಬದಲಿಸಲು ಕೂಡಲೇಬೇಕು. ಸತ್ತವರ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆ ಹೇಳಿಸಿದರೆ ಅಲ್ಲಿ ಕೂತವರಿಗೆ ಬೇಗ ಗಾಡಿ ಸಿಗುತ್ತದೆ. ಸ್ವರ್ಗಕ್ಕೆ ಮುಟ್ಟಿದವರಿಗೆ ಅದು ಬೇಕಿಲ್ಲ. ನರಕದಲ್ಲಿರುವವರಿಗೆ ಅದರಿಂದ ಉಪಯೋಗವಿಲ್ಲ. ಅಪ್ಪ ತನ್ನ ತಂದೆಯಂತಿದ್ದ ಬೋರ್ಡಿಂಗಿನ ಮಾಸ್ತರರಿಗೆ, ನನ್ನ ಅಮ್ಮನಿಗೆ, ಕೊನೆಗೆ ತನ್ನ ಸೈಕಲ್ ರಿಪೇರಿ ಮಾಡುತ್ತಿದ್ದ ಅಂತೋನಿಗೂ ವರ್ಷ ವರ್ಷ ಪೂಜೆ ಹೇಳಿಸಿದ. ಅಜ್ಜಿಗೆ ಒಮ್ಮೆಯೂ ಇಲ್ಲ. ಅಂದರೆ ಆ ಲೋಟದ ನೀರನ್ನು ಬಾಯಿಗೆ ಹಾಕಿದ್ದರಿಂದ ತನ್ನ ತಾಯಿಯನ್ನು ತಾನೇ ಆ ಉರಿಗೆ ಕಳಿಸಿದೆ ಎಂದು ಅವನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದ. ನನಗೆ ಅವನ ಮೇಲೆ ಸಿಟ್ಟಿತ್ತು, ಕನಿಕರವೂ ಇತ್ತು. ಎರಡನ್ನೂ ತಮಾಷೆ ಮಾಡಿ ಮುಚ್ಚುವುದು ನನಗೆ ಅಭ್ಯಾಸ.

ಈ ಸಲ ಈಸ್ಟರಿಗೆ ಮೊದಲು ಪಾಪನಿವೇದನೆಗೆ ಹೋದೆ. ಇಲ್ಲಿನ ಫಾದರ್ ಚಿಕ್ಕ ವಯಸ್ಸಿನವರು, ಆಂಧ್ರದ ಕಡೆಯವರು. ಹೇಳಲು ಒಳ್ಳೆಯ ಪಾಪ ಒಂದೂ ನೆನಪಾಗದೆ, "ಫಾದರ್, ನನಗೆ ನರಕದಲ್ಲಿ ನಂಬಿಕೆ ಇಲ್ಲ," ಎಂದುಬಿಟ್ಟೆ. ಅವರು ಗಾಬರಿಯಾಗಲಿಲ್ಲ. ತೆಲುಗಿನಲ್ಲಿ ಅವರು ಹೇಳಿದ್ದರ ಸಾರ ಇಷ್ಟು. ನರಕ ಇದೆ ಎಂದು ನಂಬಬೇಕಮ್ಮ, ಅದು ನಮ್ಮ ವಿಶ್ವಾಸ. ಆದರೆ ಅದರೊಳಗೆ ಇಂಥವರು ಇದ್ದಾರೆ ಎಂದು ಒಬ್ಬರ ಹೆಸರನ್ನೂ ನಮ್ಮ ಧರ್ಮಸಭೆ ಇವತ್ತಿನವರೆಗೆ ಹೇಳಿಲ್ಲ. ಜ್ಞಾನಸ್ನಾನ ಇಲ್ಲದವರ ಮೇಲೆ ದೇವರಿಗೆ ಕರುಣೆ ಇಲ್ಲ ಎಂದೂ ಹೇಳಿಲ್ಲ.

ನಾನು ತಲೆಯಾಡಿಸಿದೆ. ಊರ ಹೊರಗೆ ಕಟ್ಟಿ, ರಿಬ್ಬನ್ ಕತ್ತರಿಸಿ, ಬೀಗ ಹಾಕಿಟ್ಟ ಸಮುದಾಯ ಭವನ ನನಗೆ ನೆನಪಾಯಿತು. ಇದೆಯೇ ಎಂದರೆ ಇದೆ. ಒಳಗೆ ಯಾರಿದ್ದಾರೆ ಎಂದು ಮಾತ್ರ ಕೇಳಬಾರದು. ಈ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಅಪ್ಪನಿಗೆ ಉಪ್ಪು ಖಾರ ಹಚ್ಚಿ ಹೇಳಿದೆ. ಅವನು ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿಟ್ಟ.

"ಖಾಲಿ ಅದ ಅಂತಾನೇನು ಆ ಹುಡುಗ? ಹಂಗಾರ ಇಷ್ಟು ವರ್ಷ ನಾ ಸೈಕಲ್ ಮ್ಯಾಲ ಹೇರಕೊಂಡು ತಿರಿಗಿದ್ದು ಏನು?"

"ಚಿತ್ರಪಟ ಅಪ್ಪಾ."

"ಸುಮ್ನ ಕೂಡು. ಮಂದಿಗಿ ಹೆದರಿಕಿ ಹಾಕಿ ಹಾಕಿ ನನ್ನ ಗಂಟಲು ಹೋಗ್ಯಾದ. ಈಗ ಬಂದು ಯಾರೂ ಇಲ್ಲಂತ ಹೇಳ್ತಾರ?" ಎದ್ದು ಕೈ ತೊಳೆಯಲು ಹೋದ. ನೀರು ಸುರಿಯುತ್ತಲೇ ಇತ್ತು, ಅವನು ತೊಳೆಯುತ್ತಿರಲಿಲ್ಲ. ಆಮೇಲೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ, "ಖರೇನೇ ಹಂಗಂದ್ರಾ ನೀಲಾ? ಒಬ್ಬರ ಹೆಸರೂ ಹೇಳಿಲ್ಲಂತ?"

ಅಜ್ಜಿ ಕರೆಯುತ್ತಿದ್ದ ಹೆಸರಿನಿಂದ ಅವನು ನನ್ನನ್ನು ಕರೆದದ್ದು ಅದೇ ಮೊದಲು. "ಒಬ್ಬರದೂ ಇಲ್ಲ ಅಪ್ಪಾ," ಎಂದೆ.

ಮುಂದೆ ಕೆಲವು ದಿನ ಅವನು ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ. ಸಾರಿಗೆ ಉಪ್ಪಿಲ್ಲ ಎಂದ, ಫ್ಯಾನು ಸದ್ದು ಮಾಡುತ್ತದೆ ಎಂದ. ಆಮೇಲೆ ಒಂದು ಬೆಳಿಗ್ಗೆ ಒಗೆದ ಧೋತರ ಉಟ್ಟು, "ಆಟೋ ಕರಿ, ಫಾದರ್ ಕಡಿ ಹೋಗಿ ಬರ್ತೀನಿ," ಎಂದ. ಜಗಳಕ್ಕೆ ಹೊರಟಿದ್ದಾನೆ ಎಂದುಕೊಂಡೆ. ಬಂದವನು ಚಪ್ಪಲಿ ಬಿಡುತ್ತ, ನನ್ನ ಕಡೆ ನೋಡದೆ, "ಬರೂ ಐತವಾರ ಅವ್ವನ ಹೆಸರಿಲೆ ಪೂಜಾ ಹೇಳಿ ಬಂದೀನಿ," ಎಂದ. ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟೆ, ಅಲ್ಲೇ ನಿಂತು ಅತ್ತೆ.

ಭಾನುವಾರ ಫಾದರ್ ಪೂಜೆಯ ನಡುವೆ ಸತ್ತವರ ಹೆಸರು ಓದಿದರು. ಇನ್ನಾಸಮ್ಮ, ಬಾಲಸ್ವಾಮಿ, ಮರಿಯಮ್ಮ, ನಿಂಗಮ್ಮ. ಮುಂದಿನ ಸಾಲಿನ ಒಬ್ಬ ಹೆಂಗಸು ಹಿಂದೆ ತಿರುಗಿ, ಇದು ಯಾರಪ್ಪ ಎನ್ನುವಂತೆ ನೋಡಿದಳು. ಅಪ್ಪ ಕೋಲು ಊರಿ ಎದ್ದು ನಿಂತು, ತೆಲುಗಿನ ಪೂಜೆಯ ನಡುವೆ ಕನ್ನಡದಲ್ಲಿ, ಇಡೀ ಚರ್ಚಿಗೆ ಕೇಳುವ ಹಾಗೆ, "ನಮ್ಮವ್ವ," ಎಂದು ಹೇಳಿ ಕೂತ.

ಮರುದಿನ ನನಗೆ ರಜೆ. ಸಂಡಿಗೆಗೆ ಹಿಟ್ಟು ಕುದಿಸಿ, ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದೆ. ಅಪ್ಪ ಮೆಟ್ಟಿಲು ಹಿಡಿದುಕೊಂಡು ನಿಧಾನಕ್ಕೆ ಹತ್ತಿ ಬಂದ.

"ಪ್ಲಾಸ್ಟಿಕ್ ಬ್ಯಾಡ. ಅದನ್ನ ತಾ."

"ಯಾವ್ದು ಅಪ್ಪಾ?"

"ನರಕ."

ತಂದು ಹಾಸಿದೆ. ಅವನೇ ಕುಕ್ಕರಗಾಲಲ್ಲಿ ಕೂತು ಚಮಚದಿಂದ ಒಂದೊಂದೇ ಬಿಟ್ಟ. ಕುಡುಕ ಇದ್ದ ಖಾಲಿ ಜಾಗವನ್ನು ಬೆರಳಿನಿಂದ ಸವರಿ, "ಬಿಸಿಲು ಚಲೋ ಹಿಡಿತದ ಇದು," ಎಂದು ತನಗೆ ತಾನೇ ಹೇಳಿಕೊಂಡ. ಸಂಜೆ ಇಬ್ಬರೂ ಎಬ್ಬಿಸಲು ಕೂತೆವು. ಹಳೆಯ ವಾರ್ನಿಷ್, ಒಣಗಿ ಪುಡಿಯಾಗಿತ್ತು. ಸಂಡಿಗೆಯ ಜೊತೆಗೆ ರಾಜ ಬಂದ, ಕನ್ನಡಿಯ ಹೆಂಗಸು ಬಂದಳು, ಉರಿ ಚೂರುಚೂರಾಗಿ ಬಂತು. ತಿನ್ನುವ ಹಾಗಿರಲಿಲ್ಲ. ಅಪ್ಪ ಅದನ್ನೆಲ್ಲ ಜೋಪಾನವಾಗಿ ಮೊರದಲ್ಲಿ ಹಾಕುತ್ತ ಹೋದ. ಸಾವುಕಾರನ ಎಡಗಡೆ, ನಾನು ಮೀಸೆಯವನಿಗೆಂದು ನೋಡಿಟ್ಟ ಜಾಗಕ್ಕೆ ಅವನ ಕೈ ಬಂದಾಗ ನಾನು ತಡೆದೆ.

"ಸಾಕು ಅಪ್ಪಾ. ಒಂದೀಟರ ಇರ್ಲಿ. ಪೂರಾ ಖಾಲಿ ಆಗ್ತದ," ಎಂದೆ, ನರಕವನ್ನು ನಂಬದವಳು.

"ಆಗ್ಲಿ," ಎಂದ ಅಪ್ಪ, ಉಗುರಿನಿಂದ ಸಂಡಿಗೆಯ ಅಂಚು ಎಬ್ಬಿಸುತ್ತ. "ನಮ್ಮವ್ವ ಒಬ್ಬಾಕಿನೇ ಎದ್ದು ಬರಾಕಿ ಅಲ್ಲ. ಎಲ್ಲಾರ್ನೂ ಕರ್ಕೊಂಡೇ ಬರ್ತಾಳ."